ಹುಸಿ ಓಟದ ಧರ್ಮಸೂಕ್ಷ್ಮ

ಅಮೋಸ್ ಅಲೊಂಜೊ ಸ್ಟ್ಯಾಗ್ ಪಾದ್ರಿಯಾಗಲು ಹೊರಟವರು. ಯೇಲ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದುತ್ತಿದ್ದಾಗಲೇ ಪ್ರವಚನ ತಮಗೆ ಒಗ್ಗುವ ಕೆಲಸವಲ್ಲ ಎಂದು ಅವರಿಗೆ ಮನವರಿಕೆಯಾಯಿತು. ಹುಡುಗರನ್ನು ತಿದ್ದುವ ಕೆಲಸವನ್ನು ಚರ್ಚಿನ ವೇದಿಕೆಯ ಬದಲು ಆಟದ ಬಯಲಿನಲ್ಲಿ ಮಾಡೋಣ ಎಂದು ನಿಶ್ಚಯಿಸಿದರು. ಯೇಲ್‌ನಲ್ಲಿ ಅವರ ಗುರುವಾಗಿದ್ದ ಹೀಬ್ರೂ ವಿದ್ವಾಂಸ ವಿಲಿಯಂ ರೈನಿ ಹಾರ್ಪರ್ ಆಗ ಶಿಕಾಗೊ ವಿಶ್ವವಿದ್ಯಾಲಯವನ್ನು ಕಟ್ಟುತ್ತಿದ್ದರು. 1892ರಲ್ಲಿ ಅಲ್ಲಿಗೆ ಹೋದ ಸ್ಟ್ಯಾಗ್ ನಲವತ್ತು ವರ್ಷ ಅಮೆರಿಕನ್ ಫುಟ್‌ಬಾಲ್ ಕಲಿಸಿದರು. ಅವರ ಬಾಯಲ್ಲಿ ಕೆಟ್ಟ ಮಾತಿಲ್ಲ, ಬದುಕಿನಲ್ಲಿ ಕುಡಿತವಿಲ್ಲ. ಆದರೆ ಇಂಥ ನಿಷ್ಠಾವಂತರು ಆ ಆಟಕ್ಕೆ ಕೊಟ್ಟ ಕಾಣಿಕೆಗಳಲ್ಲಿ ಹಲವು ಎದುರಾಳಿಯ ಕಣ್ಣಿಗೆ ಮಣ್ಣೆರಚುವ ಉಪಾಯಗಳೇ. ಆಟ ಶುರುವಾಗುವ ಮುನ್ನ ಹಿಂದಿನ ಸಾಲಿನವರು ಸರಕ್ಕನೆ ಜಾಗ ಬದಲಿಸುವ ತಂತ್ರವನ್ನೂ ಒಬ್ಬನನ್ನು ಅಡ್ಡಡ್ಡ ಓಡಿಸಿ ಎದುರಾಳಿಯ ಗಮನ ಎಳೆಯುವ ತಂತ್ರವನ್ನೂ ಬೆಳೆಸಿದವರಲ್ಲಿ ಅವರ ಹೆಸರು ಮೊದಲ ಸಾಲಿನಲ್ಲಿದೆ.

ಸುಳ್ಳಾಡಬಾರದು ಎಂಬ ಧರ್ಮಕ್ಕೆ ತಲೆಬಾಗಿದವನು ಹುಡುಗರಿಗೆ ಕಣ್ಕಟ್ಟು ಕಲಿಸಬಹುದೇ? ಎರಡು ಸಾವಿರ ವರ್ಷಗಳಿಂದ ತತ್ತ್ವಶಾಸ್ತ್ರಜ್ಞರೂ ಧರ್ಮಗುರುಗಳೂ ತಲೆಕೆಡಿಸಿಕೊಂಡಿರುವ ಪ್ರಶ್ನೆ ಇದು. ಅಮೆರಿಕನ್ ಫುಟ್‌ಬಾಲಿನ ವ್ಯೂಹಗಳಲ್ಲಿ ಅದು ಕಣ್ಣಿಗೆ ಕಾಣುವ ರೂಪ ಪಡೆದಿದೆ.

ಮೊದಲು ಬಯಲಿನ ನಕ್ಷೆ. ದಾಳಿ ಮಾಡುವ ತಂಡದಲ್ಲಿ ಹನ್ನೊಂದು ಜನ. ಅವರಲ್ಲಿ ಏಳು ಮಂದಿ ಚೆಂಡಿಟ್ಟ ಗೆರೆಯ ಮೇಲೆ ನಿಲ್ಲಬೇಕು ಎಂಬ ನಿಯಮ 1910ರಲ್ಲಿ ಬಂತು. ಗೆರೆಯ ಹಿಂದೆ ಉಳಿಯುವ ನಾಲ್ವರ ಜಾಗಕ್ಕೆ ಬ್ಯಾಕ್‌ಫೀಲ್ಡ್ ಎಂದು ಹೆಸರು. ಸೆಂಟರ್ ಎಂಬಾತ ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಟ್ಟೊಡನೆ ಆಟ ಶುರು. ಅದನ್ನು ಹಿಡಿದು ಓಡುವವರು, ಹಿಡಿದಂತೆ ನಟಿಸುವವರು ಹೆಚ್ಚಾಗಿ ಈ ನಾಲ್ವರೇ. ಇವರನ್ನು ಎಲ್ಲಿ ನಿಲ್ಲಿಸಬೇಕು ಎಂಬ ಲೆಕ್ಕಾಚಾರದಲ್ಲಿ ತರಬೇತುದಾರರ ಹಲವು ತಲೆಮಾರುಗಳು ಕಳೆದಿವೆ.

ಆ ನಿಯಮ ಬರಲು ಕಾರಣವಿತ್ತು. 1892ರಲ್ಲಿ ಹಾರ್ವರ್ಡ್ ತಂಡ ಆಟಗಾರರನ್ನು ಬೆಣೆಯಾಕಾರದಲ್ಲಿ ಒಟ್ಟುಗೂಡಿಸಿ, ದೂರದಿಂದ ಓಡಿಸಿಕೊಂಡು ಬಂದು ಎದುರಾಳಿಯ ಮೇಲೆ ನುಗ್ಗಿಸಿತು. ಅದನ್ನು ಎರಡೇ ವರ್ಷದಲ್ಲಿ ನಿಷೇಧಿಸಿದರೂ ಗುಂಪಾಗಿ ನುಗ್ಗುವ ಚಾಳಿ ನಿಲ್ಲಲಿಲ್ಲ. ಎಳೆಯ ಹುಡುಗರು ಬಯಲಿನಲ್ಲೇ ಸಾಯತೊಡಗಿದಾಗ, 1905ರ ಅಕ್ಟೋಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸಿ ಎಂದರು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು, ನಾಲ್ಕು ವರ್ಷದ ಬಳಿಕ ಏಳು ಜನರ ನಿಯಮ ಬಂತು. ಹಿಂದೆ ರಾಶಿ ಹಾಕಿಕೊಂಡು ನುಗ್ಗಲು ಜನರೇ ಇಲ್ಲದ ಮೇಲೆ, ಉಳಿದ ನಾಲ್ವರು ಬುದ್ಧಿಯಿಂದ ಗೆಲ್ಲಬೇಕಾಯಿತು. ಬಲಕ್ಕೆ ಕಡಿವಾಣ ಬಿದ್ದ ಜಾಗದಲ್ಲಿ ಯುಕ್ತಿ ಬೆಳೆಯಿತು. ಹುಸಿ ಓಟವನ್ನು ವಂಚನೆ ಎಂದು ಜರೆಯುವ ಮುನ್ನ ಅದು ಯಾವುದರ ಬದಲಿಗೆ ಬಂದದ್ದು ಎಂಬುದನ್ನು ನೆನೆಯಬೇಕು.

ಯುಕ್ತಿಯ ಈ ದಾರಿ ಅತಿ ಸ್ಪಷ್ಟವಾಗಿ ಕಂಡದ್ದು 1940ರಲ್ಲಿ. ಶಿಕಾಗೊದಲ್ಲಿ ಸ್ಟ್ಯಾಗ್ ಅವರ ಜಾಗಕ್ಕೆ ಬಂದವರು ಕ್ಲಾರ್ಕ್ ಶಾನೆಸ್ಸಿ. ಆದರೆ ಮಹಾಗ್ರಂಥಗಳ ಓದೇ ಶಿಕ್ಷಣದ ಜೀವ ಎಂದು ನಂಬಿದ್ದ ರಾಬರ್ಟ್ ಮೇನಾರ್ಡ್ ಹಚಿನ್ಸ್ ಅಧ್ಯಕ್ಷರಾಗಿದ್ದ ಕಾಲವದು. 1939ರ ಕೊನೆಗೆ ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ಕೈಬಿಟ್ಟಿತು. ಶಾನೆಸ್ಸಿ ಸ್ಟ್ಯಾನ್‌ಫರ್ಡ್‌ಗೆ ಹೋದರು. ಹಿಂದಿನ ವರ್ಷ ಒಂದೇ ಒಂದು ಪಂದ್ಯ ಗೆದ್ದಿದ್ದ ಆ ತಂಡ ಅವರ ಕೈಗೆ ಬಂದ ವರ್ಷ ಒಂದನ್ನೂ ಸೋಲಲಿಲ್ಲ. 1941ರ ಹೊಸ ವರ್ಷದ ದಿನ ರೋಸ್ ಬೌಲ್ ಪಂದ್ಯದಲ್ಲಿ ನೆಬ್ರಾಸ್ಕವನ್ನೂ 21-13ರಿಂದ ಮಣಿಸಿತು. ಅದಕ್ಕೆ ಕೆಲವೇ ವಾರ ಮುಂಚೆ, ಡಿಸೆಂಬರ್ 8ರಂದು, ಶಾನೆಸ್ಸಿ ಅವರ ನೆರವು ಪಡೆದಿದ್ದ ಶಿಕಾಗೊ ಬೇರ್ಸ್ ತಂಡ ವೃತ್ತಿಪರ ಲೀಗಿನ ಅಂತಿಮ ಪಂದ್ಯದಲ್ಲಿ ವಾಷಿಂಗ್ಟನ್ ತಂಡವನ್ನು 73-0ರಿಂದ ಸೋಲಿಸಿತ್ತು.

ಎರಡೂ ಕಡೆ ಕೆಲಸ ಮಾಡಿದ್ದು ಟಿ ವ್ಯೂಹ. ಕ್ವಾರ್ಟರ್‌ಬ್ಯಾಕ್ ಸೆಂಟರ್‌ನ ಬೆನ್ನಹಿಂದೆಯೇ ನಿಂತು ಚೆಂಡನ್ನು ಕೈಯಿಂದ ಕೈಗೆ ಪಡೆಯುತ್ತಾನೆ. ಅವನ ಹಿಂದೆ ಕೆಲವು ಗಜ ದೂರದಲ್ಲಿ ಫುಲ್‌ಬ್ಯಾಕ್, ಫುಲ್‌ಬ್ಯಾಕಿನ ಎಡಬಲಕ್ಕೆ ಇಬ್ಬರು ಹಾಫ್‌ಬ್ಯಾಕ್‌ಗಳು. ಅದುವರೆಗೆ ಮೆರೆದಿದ್ದ ಸಿಂಗಲ್ ವಿಂಗ್ ವ್ಯೂಹದಲ್ಲಿ ಸೆಂಟರ್ ಚೆಂಡನ್ನು ಸೀದಾ ಹಿಂದೆ ನಿಂತ ಓಟಗಾರನಿಗೇ ಎಸೆಯುತ್ತಿದ್ದ. ಯಾರು ಬರುತ್ತಾನೆ ಎಂಬುದು ಹೆಚ್ಚಾಗಿ ಗುಟ್ಟಾಗಿರುತ್ತಿರಲಿಲ್ಲ, ತಡೆಯಬಲ್ಲಿರಾ ಎಂಬುದೇ ಪಂಥ. ಟಿ ವ್ಯೂಹದಲ್ಲಿ ಕ್ವಾರ್ಟರ್‌ಬ್ಯಾಕ್ ಎದುರಾಳಿಗೆ ಬೆನ್ನು ಮಾಡಿ ತಿರುಗುತ್ತಾನೆ. ಅರೆಕ್ಷಣ ಚೆಂಡು ಮಾಯ. ಫುಲ್‌ಬ್ಯಾಕ್ ಖಾಲಿ ಹೊಟ್ಟೆಯನ್ನು ಎರಡೂ ತೋಳಿನಿಂದ ಅಪ್ಪಿಕೊಂಡು, ಚೆಂಡು ಅಲ್ಲೇ ಇದೆಯೆಂಬಂತೆ ಬಾಗಿ, ಎದುರಾಳಿಗಳ ಗೋಡೆಗೆ ನುಗ್ಗುತ್ತಾನೆ. ಮೂವರು ಅವನ ಮೇಲೆ ಬೀಳುತ್ತಾರೆ. ಅಷ್ಟರಲ್ಲಿ ನಿಜವಾದ ಚೆಂಡು ಹಾಫ್‌ಬ್ಯಾಕಿನ ಕಂಕುಳಲ್ಲಿ ಇನ್ನೊಂದು ದಿಕ್ಕಿಗೆ ಓಡಿರುತ್ತದೆ.

ಆ ಫುಲ್‌ಬ್ಯಾಕ್ ಬಾಯಿ ಬಿಟ್ಟಿಲ್ಲ. ಆದರೂ ಅವನು ಆಡಿದ್ದು ಸುಳ್ಳೇ?

ಸಂತ ಅಗಸ್ಟೀನನ ಎದುರು ಈ ಪ್ರಶ್ನೆ ಇಟ್ಟರೆ ಸುಲಭದ ಬಿಡುಗಡೆ ಸಿಗದು. ಕ್ರಿ.ಶ. 395ರ ಆಸುಪಾಸಿನಲ್ಲಿ ಅವನು ಸುಳ್ಳಿನ ಬಗ್ಗೆಯೇ ಒಂದು ಗ್ರಂಥ ಬರೆದ. ಸುಳ್ಳಾಡುವವನದು ಇಬ್ಬಗೆಯ ಹೃದಯ, ಒಳಗೆ ಬಲ್ಲದ್ದು ಒಂದು, ಹೊರಗೆ ತೋರುವುದು ಇನ್ನೊಂದು ಎಂಬುದು ಅವನ ನಿಲುವು. ತೋರುವುದು ಮಾತಿನಿಂದಲೇ ಆಗಬೇಕೆಂದಿಲ್ಲ, ಸನ್ನೆಯೂ ಸಾಕು. ಎಂಥ ಒಳ್ಳೆಯ ಉದ್ದೇಶವೂ ಸುಳ್ಳನ್ನು ಶುದ್ಧಗೊಳಿಸದು. ಹಾಗಿದ್ದರೆ ಖಾಲಿ ಕೈಯಲ್ಲಿ ನುಗ್ಗಿದ ಹುಡುಗ ತಪ್ಪಿತಸ್ಥನೇ. ಆದರೆ ಬೈಬಲ್ಲಿನ ಯೆಹೋಶುವನ ಗ್ರಂಥದ ಎಂಟನೆಯ ಅಧ್ಯಾಯ ಅಗಸ್ಟೀನನಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಯೆಹೋಶುವನ ಸೈನ್ಯ ಸೋತಂತೆ ನಟಿಸಿ ಓಡುತ್ತದೆ. ಆಯಿ ಪಟ್ಟಣದವರು ಕೋಟೆ ಬಾಗಿಲು ತೆರೆದಿಟ್ಟು ಬೆನ್ನಟ್ಟುತ್ತಾರೆ. ಹೊಂಚು ಹಾಕಿದ್ದವರು ಒಳನುಗ್ಗಿ ಊರಿಗೆ ಬೆಂಕಿ ಇಡುತ್ತಾರೆ. ಹೊಂಚು ಹಾಕು ಎಂದದ್ದು ಸ್ವತಃ ದೇವರು. ಯುದ್ಧ ನ್ಯಾಯದ್ದಾಗಿದ್ದರೆ ಎದುರೆದುರು ಕಾದುವುದಕ್ಕೂ ಹೊಂಚಿಗೂ ನ್ಯಾಯದ ಮಟ್ಟಿಗೆ ಭೇದವಿಲ್ಲ ಎಂದು ಅಗಸ್ಟೀನ್ ತೀರ್ಮಾನಿಸಿದ.

ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದನ್ನು ಇನ್ನಷ್ಟು ಬಿಡಿಸಿದ. ಶತ್ರುವಿಗೆ ಸುಳ್ಳು ಹೇಳುವುದು, ಕೊಟ್ಟ ಮಾತಿಗೆ ತಪ್ಪುವುದು ಯುದ್ಧದಲ್ಲೂ ಸಲ್ಲದು. ಆದರೆ ಮನಸ್ಸಿನಲ್ಲಿರುವುದನ್ನು ತಿಳಿಸದೆ ಇರುವುದು ಸಲ್ಲುತ್ತದೆ. ಇಷ್ಟಾದರೂ ಒಂದು ಬಿರುಕು ಉಳಿಯಿತು. ಫುಲ್‌ಬ್ಯಾಕ್ ಸುಮ್ಮನೆ ಮುಚ್ಚಿಡುತ್ತಿಲ್ಲ, ಇಲ್ಲದ್ದನ್ನು ಇದೆಯೆಂದು ತೋರಿಸುತ್ತಿದ್ದಾನೆ.

ಆ ಬಿರುಕಿಗೆ ಉತ್ತರ ಬರುವುದು ಯಾರೂ ನಿರೀಕ್ಷಿಸದ ಕಡೆಯಿಂದ. ಇಮ್ಯಾನುಯೆಲ್ ಕಾಂಟ್ ಸತ್ಯದ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ಬಾಗಿಲಿಗೆ ಬಂದ ಕೊಲೆಗಾರ ನಿನ್ನ ಸ್ನೇಹಿತ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳಾಡಕೂಡದು ಎಂದು 1797ರಲ್ಲಿ ಬರೆದ. ಆದರೆ ನೀತಿಶಾಸ್ತ್ರದ ತರಗತಿಯಲ್ಲಿ ಇದೇ ಕಾಂಟ್ ಒಂದು ಉದಾಹರಣೆ ಕೊಡುತ್ತಿದ್ದ. ಒಬ್ಬ ತನ್ನ ಗಂಟುಮೂಟೆ ಕಟ್ಟುತ್ತಾನೆ. ನೋಡಿದವರು ಪ್ರಯಾಣ ಹೊರಟನೆಂದು ತಿಳಿಯುತ್ತಾರೆ. ಅವರು ಹಾಗೆ ತಿಳಿಯಲಿ ಎಂಬುದೇ ಅವನ ಇಚ್ಛೆ. ಆದರೂ ಅವನು ಸುಳ್ಳಾಡಿಲ್ಲ, ಏಕೆಂದರೆ ತನ್ನ ಮನಸ್ಸನ್ನು ಅವರಿಗೆ ತಿಳಿಸುತ್ತೇನೆಂದು ಅವನು ಒಪ್ಪಿಕೊಂಡಿರಲೇ ಇಲ್ಲ. ಅವರು ಕಂಡದ್ದರಿಂದ ತಾವೇ ಊಹಿಸಿಕೊಂಡರು. ಓಡುವಂತೆ ನಟಿಸಿ ಚೆಂಡು ಎಸೆಯುವ ಪ್ಲೇ ಆಕ್ಷನ್ ಆಟವನ್ನು ಇದಕ್ಕಿಂತ ಚೆನ್ನಾಗಿ ಸಮರ್ಥಿಸಲಾಗದು. ಎದುರಿನಲ್ಲಿ ರಕ್ಷಣೆಗೆ ನಿಂತ ಲೈನ್‌ಬ್ಯಾಕರ್ ಕ್ವಾರ್ಟರ್‌ಬ್ಯಾಕಿನ ಸೊಂಟ, ಭುಜ, ಕಣ್ಣು ನೋಡಿ ಊಹಿಸುತ್ತಾನೆ. ನೀನು ನನಗೆ ನಿಜ ತೋರಿಸಬೇಕು ಎಂದು ಕೇಳುವ ಹಕ್ಕು ಅವನಿಗಿಲ್ಲ, ಅವನು ಕೇಳುವುದೂ ಇಲ್ಲ. ತಾನೂ ಅದೇ ಹೊತ್ತಿನಲ್ಲಿ, ನುಗ್ಗುತ್ತೇನೆಂದು ತೋರಿಸಿ ಹಿಂದೆ ಸರಿಯುವ ಹುಸಿ ಹೂಡುತ್ತಿರುತ್ತಾನೆ.

ಸುಳ್ಳನ್ನು ಸುಳ್ಳಾಗಿಸುವುದು ಮುರಿದ ನಂಬಿಕೆ. ಕನ್ನಡಿಗರಿಗೆ ಇದು ದ್ರೋಣನ ಸಾವಿನ ಕಥೆಯಿಂದ ಗೊತ್ತಿರುವ ಸಂಗತಿ. ಕುರುಕ್ಷೇತ್ರದಲ್ಲಿ ಎರಡೂ ಪಕ್ಷದವರು ದಿನದಿನವೂ ವ್ಯೂಹ ಬದಲಿಸಿದರು. ವ್ಯೂಹ ಕಟ್ಟಿದ್ದೇ ಅಧರ್ಮ ಎಂದು ಯಾರೂ ದೂರಲಿಲ್ಲ. ಅಶ್ವತ್ಥಾಮ ಸತ್ತನೆಂದು ಭೀಮ ಕೂಗಿದಾಗ ದ್ರೋಣ ಪೂರ್ತಿ ನಂಬಲೂ ಇಲ್ಲ. ಅವನು ಧರ್ಮರಾಯನನ್ನು ಕೇಳಿದ. ಶತ್ರುವಾದರೂ ಇವನು ಸುಳ್ಳಾಡನು ಎಂಬ ಭರವಸೆಯಿಂದ ಕೇಳಿದ. ಧರ್ಮರಾಯನ ಬಾಯಿಂದ ಬಂದ ಪದಗಳಲ್ಲಿ ಆನೆಯ ಮಾತೂ ಇತ್ತು, ಆದರೂ ನೆಲಕ್ಕೆ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಕೆಳಗಿಳಿಯಿತು. ಅಕ್ಷರಶಃ ಸತ್ಯವಾದ ಮಾತು ಕೂಡ ಅಲ್ಲಿ ವಂಚನೆಯಾಯಿತು, ಏಕೆಂದರೆ ಅದು ಒಂದು ಭರವಸೆಯನ್ನು ಕೊಂದಿತು. ಫುಲ್‌ಬ್ಯಾಕಿನ ಓಟದಲ್ಲಿ ಅಕ್ಷರಶಃ ಸುಳ್ಳಿದ್ದರೂ ಅಂಥ ಭರವಸೆ ಯಾವುದೂ ಸಾಯುವುದಿಲ್ಲ.

ಒಂದು ವ್ಯೂಹವಂತೂ ಅಗಸ್ಟೀನನ ಲಕ್ಷಣಕ್ಕೇ ಸಿಗುವುದಿಲ್ಲ. 1968ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸಹಾಯಕ ತರಬೇತುದಾರ ಎಮರಿ ಬೆಲಾರ್ಡ್ ಫುಲ್‌ಬ್ಯಾಕನ್ನು ಕ್ವಾರ್ಟರ್‌ಬ್ಯಾಕಿನ ಹತ್ತಿರಕ್ಕೆ ಎಳೆದು, ಇಬ್ಬರು ಹಾಫ್‌ಬ್ಯಾಕ್‌ಗಳನ್ನು ಅವನ ಹಿಂದೆ ಆಚೀಚೆ ನಿಲ್ಲಿಸಿದರು. ಕವಲೊಡೆದ ಕೋಳಿಮೂಳೆಯ ಆಕಾರ ಕಂಡು ಅದಕ್ಕೆ ವಿಶ್‌ಬೋನ್ ಎಂಬ ಹೆಸರು ಬಿತ್ತು. ಮೊದಲ ಪಂದ್ಯ ಸಮ, ಎರಡನೆಯದು ಸೋಲು. ಅಲ್ಲಿಂದಾಚೆ ಸತತ ಮೂವತ್ತು ಗೆಲುವು. ಈ ವ್ಯೂಹದ ಜೀವಾಳವಾದ ಟ್ರಿಪಲ್ ಆಪ್ಷನ್‌ನಲ್ಲಿ ಇಬ್ಬರು ಎದುರಾಳಿಗಳನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಫುಲ್‌ಬ್ಯಾಕಿನ ಹೊಟ್ಟೆಗೆ ಒತ್ತಿ ಹಿಡಿದು ಮೊದಲನೆಯವನನ್ನು ನೋಡುತ್ತಾನೆ. ಅವನು ಫುಲ್‌ಬ್ಯಾಕಿನ ಕಡೆ ಬಂದರೆ ಚೆಂಡು ಹಿಂದಕ್ಕೆ ಸೆಳೆದುಕೊಳ್ಳುತ್ತಾನೆ, ಬಾರದಿದ್ದರೆ ಕೊಟ್ಟುಬಿಡುತ್ತಾನೆ. ಸೆಳೆದುಕೊಂಡರೆ ಹೊರಗಿನ ಎರಡನೆಯವನತ್ತ ಓಡುತ್ತಾನೆ. ಅವನು ತನ್ನ ಮೇಲೆ ಬಂದರೆ ಹಾಫ್‌ಬ್ಯಾಕಿಗೆ ಎಸೆಯುತ್ತಾನೆ, ಹಾಫ್‌ಬ್ಯಾಕಿನತ್ತ ಸರಿದರೆ ತಾನೇ ಹೊತ್ತು ಓಡುತ್ತಾನೆ.

ಇಲ್ಲಿ ಇಬ್ಬಗೆಯ ಹೃದಯ ಎಲ್ಲಿದೆ? ಆಟ ಶುರುವಾದಾಗ ಚೆಂಡು ಯಾರಿಗೆ ಎಂಬುದು ಕ್ವಾರ್ಟರ್‌ಬ್ಯಾಕಿಗೇ ಗೊತ್ತಿಲ್ಲ. ಮರೆಮಾಚಲು ಒಳಗೊಂದು ನಿಜ ಇನ್ನೂ ಹುಟ್ಟಿಲ್ಲ. ಎದುರಾಳಿಯ ಆಯ್ಕೆಯೇ ಆ ನಿಜವನ್ನು ಹುಟ್ಟಿಸುತ್ತದೆ. ಅವನು ಏನನ್ನು ಆರಿಸಿದರೂ ಅದು ತಪ್ಪಾಗುವಂತೆ ವ್ಯೂಹ ಕಟ್ಟಲಾಗಿದೆ, ಅಷ್ಟೆ. ಇದನ್ನು ಜಾಣತನ ಎನ್ನಬಹುದು, ನಿರ್ದಯ ಎನ್ನಬಹುದು, ಸುಳ್ಳು ಎನ್ನಲಾಗದು.

ಹಾಗೆಂದು ಆಟದಲ್ಲಿ ಎಲ್ಲ ಹುಸಿಗೂ ಪರವಾನಗಿ ಇಲ್ಲ. ನಿಯಮಪುಸ್ತಕವನ್ನು ನೀತಿಗ್ರಂಥದಂತೆ ಓದಿದರೆ, ಎಲ್ಲಿ ಮರೆಸಬಹುದು, ಎಲ್ಲಿ ನಿಜ ತೋರಲೇಬೇಕು ಎಂಬ ಗಡಿ ಕಾಣುತ್ತದೆ. ನೋಟರ್ ಡೇಮ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ತರಬೇತುದಾರ ಕ್ನೂಟ್ ರಾಕ್ನಿ ತಮ್ಮ ನಾಲ್ವರನ್ನು ಟಿ ವ್ಯೂಹದಲ್ಲಿ ನಿಲ್ಲಿಸಿ, ತಟ್ಟನೆ ಚೌಕಾಕಾರಕ್ಕೆ ಜಿಗಿಸಿ, ಅದೇ ಓಘದಲ್ಲಿ ಆಟ ಶುರು ಮಾಡಿಸುತ್ತಿದ್ದರು. 1920ರ ದಶಕದಲ್ಲಿ ನಿಯಮ ಬಿಗಿಯಾಯಿತು: ಜಾಗ ಬದಲಿಸಿ, ಆದರೆ ಬಳಿಕ ಒಂದು ಸೆಕೆಂಡು ಸ್ತಬ್ಧವಾಗಿ ನಿಲ್ಲಿ. ಆ ಒಂದು ಸೆಕೆಂಡು ಎದುರಾಳಿಗೆ ಸಲ್ಲಬೇಕಾದ ಸತ್ಯ. ಚೆಂಡು ಚಲಿಸುವ ಮುನ್ನ ಆಟ ಶುರುವಾದಂತೆ ಮೈ ಕುಲುಕಿದರೆ ಐದು ಗಜ ದಂಡ. ಮೈದಾನದಿಂದ ಹೊರಹೋಗುವಂತೆ ನಟಿಸಿ ಅಂಚಿನಲ್ಲಿ ಅಡಗುವುದು ನಿಷಿದ್ಧ. ಅಂಗಿಯೊಳಗೆ ಚೆಂಡು ಬಚ್ಚಿಡುವುದೂ ನಿಷಿದ್ಧ. ಆಟದೊಳಗಿನ ಹುಸಿ ಬೇರೆ, ಆಟವನ್ನೇ ಹುಸಿಗೊಳಿಸುವುದು ಬೇರೆ ಎಂಬ ಭೇದವನ್ನು ಕ್ಯಾಥ್ಲೀನ್ ಪಿಯರ್ಸನ್ ಎಂಬ ವಿದ್ವಾಂಸೆ 1973ರ ಪ್ರಬಂಧವೊಂದರಲ್ಲಿ ಸ್ಪಷ್ಟವಾಗಿ ಗುರುತಿಸಿದರು. ಮೊದಲನೆಯದು ತಂತ್ರ, ಎರಡನೆಯದು, ಏನು ಆಡೋಣವೆಂದು ಇಬ್ಬರೂ ಒಪ್ಪಿದ್ದರೋ ಆ ಒಪ್ಪಂದಕ್ಕೆ ಬಗೆದ ದ್ರೋಹ.

ಅಂಗಿಯೊಳಗೆ ಚೆಂಡು ಬಚ್ಚಿಟ್ಟ ಪ್ರಸಿದ್ಧ ಪ್ರಕರಣ ನಿಜಕ್ಕೂ ನಡೆದಿತ್ತು. 1903ರ ಅಕ್ಟೋಬರ್ 31ರಂದು ಹಾರ್ವರ್ಡ್ ಎದುರು ಕಾರ್ಲೈಲ್ ಇಂಡಿಯನ್ ಶಾಲೆಯ ತಂಡ ಆಡುತ್ತಿತ್ತು. ತರಬೇತುದಾರ ಪಾಪ್ ವಾರ್ನರ್ ಒಂದು ಅಂಗಿಯ ಕೆಳಅಂಚಿಗೆ ಎಲಾಸ್ಟಿಕ್ ಹೊಲಿಸಿದ್ದರು. ಚೆಂಡು ಬಂದಾಗ ಹುಡುಗರು ಗುಂಪುಗೂಡಿ, ಅದನ್ನು ಚಾರ್ಲಿ ಡಿಲ್ಲನ್‌ನ ಅಂಗಿಯ ಬೆನ್ನೊಳಗೆ ತುರುಕಿ ಚದುರಿದರು. ಹಾರ್ವರ್ಡಿನವರು ಹುಡುಕುತ್ತಿರುವಾಗ ಡಿಲ್ಲನ್ ಬಯಲಿನುದ್ದಕ್ಕೂ ಓಡಿ ಗೆರೆ ದಾಟಿದ. ಪಂದ್ಯವನ್ನು ಕೊನೆಗೆ ಹಾರ್ವರ್ಡ್ 12-11ರಿಂದ ಗೆದ್ದಿತು. ಆ ಆಟ ಪೂರ್ತಿ ನ್ಯಾಯದ್ದೆಂದು ತಾವಾಗಲಿ ಹುಡುಗರಾಗಲಿ ಭಾವಿಸಿರಲಿಲ್ಲ ಎಂದು ವಾರ್ನರ್ ಮುಂದೆ ಬರೆದುಕೊಂಡರು.

ಆದರೆ ಆ ಬಯಲಿನಲ್ಲಿ ನಿಂತವರು ಯಾರೆಂದು ನೋಡದೆ ತೀರ್ಪು ಕೊಡುವುದು ಸರಿಯಲ್ಲ. ಕಾರ್ಲೈಲ್ ಶಾಲೆಯನ್ನು 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ ತೆರೆದದ್ದು, ಮೂಲನಿವಾಸಿಗಳ ಮಕ್ಕಳನ್ನು ಅವರ ಭಾಷೆ, ಉಡುಗೆ, ಹೆಸರುಗಳಿಂದ ಬಿಡಿಸಿ ಬಿಳಿಯರಂತೆ ಮಾಡಲೆಂದು. ಅವರ ಹಿರಿಯರೊಂದಿಗೆ ಅಮೆರಿಕ ಸರ್ಕಾರ ಸಹಿ ಹಾಕಿದ ಒಪ್ಪಂದಗಳು ಒಂದರ ಮೇಲೊಂದು ಮುರಿದಿದ್ದವು. ಆ ಒಪ್ಪಂದಗಳಲ್ಲಿ ನಂಬಿಕೆ ಇಡಲಾಗಿತ್ತು, ನೆಲ ಇಡಲಾಗಿತ್ತು, ಜೀವ ಇಡಲಾಗಿತ್ತು. ಅಂಥ ಮಕ್ಕಳು ಒಂದು ಮಧ್ಯಾಹ್ನ ಚೆಂಡೊಂದನ್ನು ಬಚ್ಚಿಟ್ಟದ್ದನ್ನು ವಂಚನೆಯ ಇತಿಹಾಸದಲ್ಲಿ ಎಲ್ಲಿ ಸೇರಿಸುವುದು? ನಿಯಮದ ಕಣ್ಣಿಗೆ ಅದು ಗಡಿ ದಾಟಿದ ಆಟವೇ ಇರಬಹುದು. ಆದರೆ ಎಲ್ಲ ಹುಸಿಯೂ ಒಂದೇ ತೂಕದ್ದಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಗಡಿಯ ಮೇಲಿನ ಜಗಳ ಈಗಲೂ ನಿಂತಿಲ್ಲ. 2015ರ ಜನವರಿ 10ರಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಬಾಲ್ಟಿಮೋರ್ ರೇವನ್ಸ್ ಎದುರು ಶೇನ್ ವೆರೀನ್ ಎಂಬ ಓಟಗಾರನನ್ನು, ಈ ಆಟದಲ್ಲಿ ಇವನು ಚೆಂಡು ಹಿಡಿಯುವಂತಿಲ್ಲ ಎಂದು ರೆಫರಿಗೆ ವರದಿ ಮಾಡಿಸಿ, ಚೆಂಡು ಹಿಡಿಯುವವರು ನಿಲ್ಲುವ ಜಾಗದಲ್ಲೇ ನಿಲ್ಲಿಸಿತು. ರೆಫರಿ ಅದನ್ನು ಘೋಷಿಸಿದರು. ಆದರೂ ಯಾರನ್ನು ಕಾಯಬೇಕೆಂದು ಹೊಳೆಯುವಷ್ಟರಲ್ಲಿ ಆಟ ಶುರುವಾಗಿತ್ತು. ಸಿಟ್ಟಿಗೆದ್ದ ರೇವನ್ಸ್ ತರಬೇತುದಾರ ಜಾನ್ ಹಾರ್ಬೊ ಮೈದಾನಕ್ಕೇ ಇಳಿದು ದಂಡ ತೆತ್ತರು. ಪೇಟ್ರಿಯಟ್ಸ್ 35-31ರಿಂದ ಗೆದ್ದಿತು. ಆ ಆಟ ನಿಯಮಬದ್ಧವೇ ಎಂದ ಲೀಗ್, ಮುಂದಿನ ಋತುವಿಗೆ ನಿಯಮವನ್ನೇ ಬದಲಿಸಿತು. ಈ ಪ್ರಕರಣದ ಎಳೆ ಸೂಕ್ಷ್ಮವಾದದ್ದು. ರೆಫರಿಯ ಘೋಷಣೆ ಇರುವುದೇ ಎರಡೂ ಕಡೆಯವರು ನಂಬಲೆಂದು. ಅದನ್ನೇ ಗೊಂದಲ ಎಬ್ಬಿಸುವ ಸಾಧನವಾಗಿ ಬಳಸಿದಾಗ ಚೆಂಡಿನ ಬಗ್ಗೆ ಹುಸಿ ಹೂಡಿದಂತಾಗಲಿಲ್ಲ, ನಂಬಲೇಬೇಕಾದ ದನಿಯ ಮೇಲೆ ಹುಸಿ ಹೂಡಿದಂತಾಯಿತು.

ಇನ್ನೊಂದು ಆಕ್ಷೇಪವಿದೆ, ಅದು ಗಟ್ಟಿಯಾದದ್ದು. ಮಾಡುತ್ತ ಮಾಡುತ್ತ ನಾವು ಅದೇ ಆಗುತ್ತೇವೆ ಎಂಬುದು ಅರಿಸ್ಟಾಟಲನ ಕಾಲದ ತಿಳಿವು. ದಿನವೂ ಹುಸಿಯನ್ನೇ ಅಭ್ಯಾಸ ಮಾಡಿದ ಹುಡುಗ ಬದುಕಿನಲ್ಲಿ ನೇರವಾಗಿ ಉಳಿದಾನೇ? ಬ್ಯಾಕ್‌ಫೀಲ್ಡ್‌ನ ಒಳಗಿನಿಂದ ನೋಡಿದರೆ ಉತ್ತರ ಬೇರೆಯಾಗಿ ಕಾಣುತ್ತದೆ. ಹುಸಿ ಗೆಲ್ಲಬೇಕಾದರೆ ಆ ನಾಲ್ವರು ತಮ್ಮೊಳಗೆ ಸಂಪೂರ್ಣ ಸತ್ಯವಂತರಾಗಿರಬೇಕು. ಹೇಳಿದ ಹೆಜ್ಜೆಯನ್ನು ಹೇಳಿದ ಕ್ಷಣದಲ್ಲೇ ಇಡಬೇಕು. ಖಾಲಿ ಕೈಯ ಫುಲ್‌ಬ್ಯಾಕ್ ಅರೆಮನಸ್ಸಿನಿಂದ ಓಡಿದರೆ ಪೆಟ್ಟು ಬೀಳುವುದು ಗೆಳೆಯನಿಗೆ. ಅವನು ಮನಸಾರೆ ಓಡಿದರೆ ಪೆಟ್ಟು ತನಗೇ. ಜಗತ್ತಿನ ಸುಳ್ಳುಗಾರ ತನ್ನ ಸುಳ್ಳಿನ ಬೆಲೆಯನ್ನು ಬೇರೆಯವರಿಂದ ವಸೂಲಿ ಮಾಡುತ್ತಾನೆ. ಈ ಹುಡುಗ ತನ್ನ ಹುಸಿಗೆ ತನ್ನ ಮೈಯನ್ನೇ ತೆರುತ್ತಾನೆ, ಅಂಕಪಟ್ಟಿಯಲ್ಲಿ ಅವನ ಹೆಸರೂ ಇರುವುದಿಲ್ಲ.

ಆದರೆ ಆ ಮೈಯ ವಿಷಯಕ್ಕೆ ಬಂದಾಗಲೇ ಈ ಆಟದ ನಿಜವಾದ ಸುಳ್ಳು ಎದುರಾಗುವುದು. ಅದು ಬಯಲಿನಲ್ಲಿ ಹುಟ್ಟಿದ್ದಲ್ಲ. ತಲೆಗೆ ಬೀಳುವ ಪೆಟ್ಟುಗಳ ಅಧ್ಯಯನಕ್ಕೆ ನ್ಯಾಷನಲ್ ಫುಟ್‌ಬಾಲ್ ಲೀಗ್ 1994ರಲ್ಲಿ ಒಂದು ಸಮಿತಿ ನೇಮಿಸಿತು. ಆಟಗಾರರಿಗೆ ದೀರ್ಘಕಾಲದ ಹಾನಿಯ ಲಕ್ಷಣವಿಲ್ಲ ಎಂಬ ಧಾಟಿಯ ಪ್ರಬಂಧಗಳನ್ನು ಆ ಸಮಿತಿಯ ಸದಸ್ಯರು ಪ್ರಕಟಿಸಿದರು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಸೆಂಟರ್ ಆಗಿದ್ದ ಮೈಕ್ ವೆಬ್‌ಸ್ಟರ್ 2002ರಲ್ಲಿ ತೀರಿಕೊಂಡಾಗ, ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅವರ ಮಿದುಳನ್ನು ಪರೀಕ್ಷಿಸಿ ಅಲ್ಲಿ ಕಂಡ ಕಾಯಿಲೆಯನ್ನು 2005ರಲ್ಲಿ ವರದಿ ಮಾಡಿದರು. ಸಮಿತಿಯ ವೈದ್ಯರು ಆ ವರದಿಯನ್ನೇ ಹಿಂದಕ್ಕೆ ಪಡೆಯಬೇಕೆಂದು ಒತ್ತಾಯಿಸಿದರು. ಸಾವಿರಾರು ನಿವೃತ್ತ ಆಟಗಾರರು, ಅಪಾಯವನ್ನು ನಮ್ಮಿಂದ ಮುಚ್ಚಿಟ್ಟರು ಎಂದು ಮೊಕದ್ದಮೆ ಹೂಡಿದರು. ಫುಟ್‌ಬಾಲಿಗೂ ಆ ಕಾಯಿಲೆಗೂ ನಂಟಿದೆ ಎಂದು ಲೀಗಿನ ಹಿರಿಯ ಅಧಿಕಾರಿಯೊಬ್ಬರು ಸಾರ್ವಜನಿಕವಾಗಿ ಒಪ್ಪಿಕೊಳ್ಳಲು 2016ರ ಮಾರ್ಚ್ ಬರಬೇಕಾಯಿತು.

ಮೈದಾನದ ಎದುರಾಳಿಯಂತೆ ಈ ಆಟಗಾರರು ಊಹೆಯ ಪಂಥಕ್ಕೆ ನಿಂತವರಲ್ಲ. ನನ್ನ ತಲೆಗೆ ಏನಾಗುತ್ತಿದೆ ಎಂದು ತಮ್ಮವರೇ ನೇಮಿಸಿದ ವೈದ್ಯರನ್ನು ಕೇಳಿದವರು. ಆ ಪ್ರಶ್ನೆಗೆ ನಿಜ ಹೇಳುವ ಹೊಣೆ ಇತ್ತು, ಹೇಳುತ್ತಾರೆಂಬ ಭರವಸೆ ಇತ್ತು. ಆ ಮೊಕದ್ದಮೆಯಲ್ಲಿ ಲೀಗ್ ಪರಿಹಾರ ಕೊಡಲು ಒಪ್ಪಿತು. 2013ರಲ್ಲಿ ಮೊದಲು ಗೊತ್ತಾದ ಮೊತ್ತ 76.5 ಕೋಟಿ ಡಾಲರ್. ಬಳಿಕ ಆ ಮಿತಿಯನ್ನೂ ತೆಗೆದುಹಾಕಲಾಯಿತು. ಒಪ್ಪಂದದಲ್ಲಿ ಲೀಗ್ ಯಾವ ತಪ್ಪನ್ನೂ ಒಪ್ಪಿಕೊಳ್ಳಲಿಲ್ಲ. ಯಾರಿಗೆ ಏನು ಯಾವಾಗ ಗೊತ್ತಿತ್ತು ಎಂಬುದನ್ನು ಪ್ರಮಾಣ ಮಾಡಿಸಿ ಕೇಳುವ ವಿಚಾರಣೆಯೂ ಹೀಗಾಗಿ ನಡೆಯಲಿಲ್ಲ. ಆಟಗಾರರ ಮನೆಗಳಲ್ಲಿ ಆ ಪ್ರಶ್ನೆಯನ್ನು ಇಂದಿಗೂ ಕೇಳುತ್ತಿದ್ದಾರೆ.